ಅಳತೆಗೋಲು ಬದಲಾದಾಗ: ವೈದ್ಯ ಪ್ರವೇಶಪರೀಕ್ಷೆಗೆ ಸಿದ್ಧತೆ

1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಹದಿನಾರು ಆಣೆಗೆ ಒಂದು ರೂಪಾಯಿ ಎಂದು ಎಣಿಸುತ್ತಿದ್ದ ಜನ ನೂರು ನಯಾಪೈಸೆಗೆ ಒಂದು ರೂಪಾಯಿ ಎಂದು ಎಣಿಸುವುದನ್ನು ಕಲಿಯಬೇಕಾಯಿತು. ಮರುವರ್ಷದಿಂದ ಸೇರು, ಮಣಗಳ ಸ್ಥಾನಕ್ಕೆ ಕಿಲೋಗ್ರಾಂ, ಕ್ವಿಂಟಲುಗಳು ಹಂತಹಂತವಾಗಿ ಬಂದುವು. ಇದರಿಂದ ಗೋಣಿಚೀಲದೊಳಗಿನ ಅಕ್ಕಿ ಒಂದು ಕಾಳಿನಷ್ಟೂ ಹೆಚ್ಚಲಿಲ್ಲ, ಒಂದು ಕಾಳಿನಷ್ಟೂ ಕಡಮೆಯಾಗಲಿಲ್ಲ. ಆದರೆ ಒಂದು ಆಣೆ ಎಂದರೆ ಆರೂಕಾಲು ನಯಾಪೈಸೆ ಎಂಬ ಲೆಕ್ಕವನ್ನು ಅರಿಯದೆ ಅಂಗಡಿಗೆ ಹೋದವನು ನಷ್ಟಕ್ಕೆ ಗುರಿಯಾಗುವ ಸಂಭವ ಇದ್ದೇ ಇತ್ತು.

ಅಳತೆಯ ಪಾಠವನ್ನು ಹೇಳುವಾಗಲೆಲ್ಲ ನಾನು ಈ ಉದಾಹರಣೆಯನ್ನು ಕೊಡುತ್ತೇನೆ. ಅಳೆಯಲ್ಪಡುವ ವಸ್ತು ಬೇರೆ, ಅಳೆಯುವ ಕೋಲು ಬೇರೆ. ಕೋಲು ಬದಲಾದಾಗ ವಸ್ತುವೇ ಬದಲಾಯಿತೆಂದು ಹೆದರುವುದು ಒಂದು ತಪ್ಪು. ವಸ್ತು ಬದಲಾಗಲಿಲ್ಲವಲ್ಲ ಎಂದು ಹೊಸ ಕೋಲಿನ ಗೆರೆಗಳನ್ನು ನೋಡದೆ ಕುಳಿತಿರುವುದು ಇನ್ನೊಂದು ತಪ್ಪು. ವೈದ್ಯರಾಗಬೇಕೆಂಬ ಹಂಬಲದಿಂದ ನೀಟ್ ಪರೀಕ್ಷೆಗೆ ಓದುವ ನಮ್ಮ ವಿದ್ಯಾರ್ಥಿಗಳು ಈ ಎರಡು ತಪ್ಪುಗಳ ನಡುವೆ ತೊಳಲುವುದನ್ನು ನಾನು ಹಲವು ವರ್ಷಗಳಿಂದ ಕಂಡಿದ್ದೇನೆ. ಅವರಿಗೆ ಪಾಠ ಹೇಳುವ ನಾವೂ ಅದೇ ತಪ್ಪುಗಳಿಗೆ ಒಳಗಾಗುವುದುಂಟು. ಅಂಥ ಒಂದು ತಪ್ಪು ನನ್ನದೇ ಆದುದರಿಂದ ಈ ಲೇಖನವನ್ನು ಬರೆಯಲು ತೊಡಗಿದ್ದೇನೆ.

ಬದಲಾವಣೆಯೇ ಚರಿತ್ರೆ

ಈ ಪರೀಕ್ಷೆಯ ಚರಿತ್ರೆಯನ್ನು ನೋಡಿದರೆ ಬದಲಾಗದೆ ನಿಂತ ಕಾಲವೇ ಅಪರೂಪವೆಂದು ತೋರುತ್ತದೆ. ಅಖಿಲ ಭಾರತ ಮಟ್ಟದ ವೈದ್ಯ ಪ್ರವೇಶಪರೀಕ್ಷೆ ಆರಂಭವಾದದ್ದು 1988ರಲ್ಲಿ. ಆಗ ಅದು ಸರ್ಕಾರಿ ಕಾಲೇಜುಗಳ ಒಂದು ಪಾಲು ಸ್ಥಾನಗಳಿಗೆ ಮಾತ್ರ ಸಂಬಂಧಪಟ್ಟಿತ್ತು. ದೇಶಕ್ಕೆಲ್ಲ ಒಂದೇ ಪರೀಕ್ಷೆ ಎಂಬ ನೀಟ್ ಮೊದಲು ನಡೆದದ್ದು 2013ರ ಮೇ 5ರಂದು. ಅದೇ ವರ್ಷದ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. 2016ರ ಏಪ್ರಿಲ್‌ನಲ್ಲಿ ತನ್ನ ಆ ತೀರ್ಪನ್ನು ಹಿಂತೆಗೆದುಕೊಂಡಿತು. 2017ರಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾಷೆಗಳಲ್ಲಿ ಪ್ರಶ್ನಪತ್ರಿಕೆ ಬಂದಿತು. 2019ರಿಂದ ಪರೀಕ್ಷೆಯ ಹೊಣೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ ಕೈಸೇರಿತು. ಅದುವರೆಗೆ ಪ್ರತ್ಯೇಕ ಪರೀಕ್ಷೆ ನಡೆಸುತ್ತಿದ್ದ ಏಮ್ಸ್ ಮತ್ತು ಜಿಪ್ಮರ್ ಸಂಸ್ಥೆಗಳೂ 2020ರಿಂದ ನೀಟ್‌ನೊಳಕ್ಕೆ ಬಂದುವು.

ಪ್ರಶ್ನಪತ್ರಿಕೆಯ ರೂಪವೂ ಹೀಗೆಯೇ ಹೊರಳಿತು. 2020ರವರೆಗೆ 180 ಪ್ರಶ್ನೆಗಳು, 180 ನಿಮಿಷಗಳು. ಭೌತವಿಜ್ಞಾನದಲ್ಲಿ 45, ರಸಾಯನವಿಜ್ಞಾನದಲ್ಲಿ 45, ಜೀವವಿಜ್ಞಾನದಲ್ಲಿ 90. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕದ ಕಡಿತ. ಒಟ್ಟು 720 ಅಂಕಗಳು. 2021ರಲ್ಲಿ ಆಯ್ಕೆಯ ಅವಕಾಶ ಬಂದಿತು. ಐವತ್ತು ಪ್ರಶ್ನೆಗಳ ಪ್ರತಿ ಗುಂಪಿನಲ್ಲಿ 35 ಕಡ್ಡಾಯ. ಉಳಿದ 15ರಲ್ಲಿ ಯಾವುವಾದರೂ 10ನ್ನು ಬಿಡಿಸಿದರೆ ಸಾಕು. 2022ರಲ್ಲಿ ಇದಕ್ಕೆ ತಕ್ಕಂತೆ ಕಾಲವನ್ನು 200 ನಿಮಿಷಗಳಿಗೆ ಏರಿಸಿದರು. 2024ರ ಪರೀಕ್ಷೆಗೆ ಪಠ್ಯಕ್ರಮವೇ ಬದಲಾಯಿತು. 2025ರಲ್ಲಿ ಆಯ್ಕೆ ಹೋಗಿ ಮತ್ತೆ 180 ಪ್ರಶ್ನೆ, 180 ನಿಮಿಷಗಳ ಹಳೆಯ ಕ್ರಮವೇ ಬಂದಿತು. ಈ ಕೊನೆಯ ಬದಲಾವಣೆಯ ಪ್ರಕಟಣೆ ಹೊರಟದ್ದು ಜನವರಿಯ ಕೊನೆಯ ವಾರದಲ್ಲಿ. ಪರೀಕ್ಷೆ ನಡೆದದ್ದು ಮೇ 4ರಂದು. ನಡುವೆ ಇದ್ದ ಕಾಲ ಮೂರು ತಿಂಗಳಿಗಿಂತ ಸ್ವಲ್ಪವೇ ಹೆಚ್ಚು.

ನಾನು ಕೊಟ್ಟ ಸಲಹೆ

ಆಯ್ಕೆಯ ಪದ್ಧತಿ ನಡೆಯುತ್ತಿದ್ದ ಕಾಲದಲ್ಲಿ ನಾನು ಒಂದು ಲೆಕ್ಕ ಹಾಕಿದ್ದೆ. ಐವತ್ತು ಪ್ರಶ್ನೆಗಳಲ್ಲಿ ಐದನ್ನು ಬಿಡಬಹುದು. ಅಂದರೆ ಹತ್ತರಲ್ಲಿ ಒಂದು ಪಾಲು. ಹಾಗಿರುವಲ್ಲಿ ಬಹಳ ಕಷ್ಟವೆನಿಸುವ ಒಂದೆರಡು ಅಧ್ಯಾಯಗಳನ್ನು ಬಿಟ್ಟರೆ ನಷ್ಟವೇನು? 2024ರ ಜೂನ್ ತಿಂಗಳಲ್ಲಿ ದ್ವಿತೀಯ ಪಿ.ಯು.ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ಇದೇ ಸಲಹೆಯನ್ನು ಕೊಟ್ಟೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ಹುಡುಗಿ ಅವಳು. ಬುದ್ಧಿವಂತೆ, ಆದರೆ ಭ್ರಮಣ ಚಲನೆಯ ಅಧ್ಯಾಯವೆಂದರೆ ಅವಳಿಗೆ ಭಯ. “ಅದನ್ನು ಬಿಟ್ಟುಬಿಡಮ್ಮ, ಉಳಿದದ್ದನ್ನು ಗಟ್ಟಿಮಾಡಿಕೊ” ಎಂದೆ. ಅವಳು ಹಾಗೆಯೇ ಮಾಡಿದಳು.

ಜನವರಿಯಲ್ಲಿ ಪ್ರಕಟಣೆ ಹೊರಬಿದ್ದ ಮರುದಿನ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. “ಸಾರ್, ಬಿಟ್ಟ ಪಾಠವನ್ನು ಈಗ ಓದಲೇ?” ಎಂದಳು. ಆ ಪ್ರಶ್ನೆಯಲ್ಲಿ ಆಕ್ಷೇಪಣೆಯ ಧ್ವನಿ ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಅಂದು ಸಂಜೆಯಿಂದ ಪಾಠವನ್ನು ಹೊಸದಾಗಿ ಆರಂಭಿಸಿದೆವು. ಸೂತ್ರಗಳ ಪಟ್ಟಿಯನ್ನು ಬದಿಗಿಟ್ಟು ಅವಳ ಮನೆಯ ಬೀಸುವ ಕಲ್ಲಿನ ಮಾತನ್ನು ಎತ್ತಿದೆ. ಕಲ್ಲಿನ ಗೂಟವನ್ನು ಅಂಚಿನಲ್ಲಿ ಏಕೆ ನೆಟ್ಟಿರುತ್ತಾರೆ? ನಡುವಿನ ಕೀಲಿನಿಂದ 20 ಸೆಂಟಿಮೀಟರ್ ದೂರದಲ್ಲಿರುವ ಗೂಟವನ್ನು ತಂದು 5 ಸೆಂಟಿಮೀಟರ್ ದೂರದಲ್ಲಿ ನೆಟ್ಟರೆ ಏನಾಗುತ್ತದೆ? “ತಿರುಗಿಸೋಕೆ ಆಗೋದಿಲ್ಲ ಸಾರ್, ಕೈ ಸೋತುಹೋಗುತ್ತೆ” ಎಂದಳು. ಅಷ್ಟೇ ತಿರುಗಿಸುವ ಪ್ರಭಾವಕ್ಕೆ ನಾಲ್ಕು ಪಾಲು ಬಲ ಬೇಕಾಗುತ್ತದೆ. ಬಲವನ್ನೂ ಕೀಲಿನಿಂದ ಅದರ ಲಂಬದೂರವನ್ನೂ ಗುಣಿಸಿದಾಗ ಬರುವುದೇ ಟಾರ್ಕ್. ನೇರವಾಗಿ ಚಲಿಸುವ ವಸ್ತುವಿನಲ್ಲಿ ದ್ರವ್ಯರಾಶಿ ಮಾಡುವ ಕೆಲಸವನ್ನು ತಿರುಗುವ ವಸ್ತುವಿನಲ್ಲಿ ಮೊಮೆಂಟ್ ಆಫ್ ಇನರ್ಷಿಯಾ ಮಾಡುತ್ತದೆ; ಬಲದ ಜಾಗದಲ್ಲಿ ಟಾರ್ಕ್, ಸಂವೇಗದ ಜಾಗದಲ್ಲಿ ಕೋನೀಯ ಸಂವೇಗ. ಹೊಸ ಅಧ್ಯಾಯವೆಂದು ಅವಳು ಹೆದರಿದ್ದು ತಾನು ಆಗಲೇ ಬಲ್ಲ ನ್ಯೂಟನ್ನನ ನಿಯಮಗಳ ಇನ್ನೊಂದು ಮುಖವಾಗಿತ್ತು. ಎರಡು ವಾರಗಳಲ್ಲಿ ಭಯ ಹೋಯಿತು. ಆದರೆ ಏಳು ತಿಂಗಳ ಅಭ್ಯಾಸದಿಂದ ಬರಬೇಕಾಗಿದ್ದ ವೇಗ ಎರಡು ವಾರಗಳಲ್ಲಿ ಬರುವುದಿಲ್ಲ.

ಪರೀಕ್ಷೆಯಿಂದ ಬಂದವಳು, ಭ್ರಮಣ ಚಲನೆಯ ಪ್ರಶ್ನೆಗಳನ್ನು ಬಿಡಿಸಿದೆನೆಂದೂ, ಆದರೆ ಅವುಗಳ ಮೇಲೆ ಹೆಚ್ಚು ಕಾಲ ಕಳೆದದ್ದರಿಂದ ಕೊನೆಯ ಕೆಲವು ಪ್ರಶ್ನೆಗಳನ್ನು ಮುಟ್ಟಲಾಗಲಿಲ್ಲವೆಂದೂ ಹೇಳಿದಳು. ಅವಳಿಗೆ ಎಂ.ಬಿ.ಬಿ.ಎಸ್. ಸ್ಥಾನ ಕೆಲವೇ ಅಂಕಗಳಿಂದ ತಪ್ಪಿತು. ಆಯುರ್ವೇದ ಕಾಲೇಜಿಗೆ ಸೇರಿದಳು. ಅಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ಆ ಕೆಲವು ಅಂಕಗಳಲ್ಲಿ ನನ್ನ ಸಲಹೆಯ ಪಾಲೆಷ್ಟು ಎಂಬುದನ್ನು ಯಾವ ಉಪಕರಣವೂ ಅಳೆಯಲಾರದು. ಅಂದಿನಿಂದ ಒಂದು ನಿಯಮವನ್ನು ಮಾಡಿಕೊಂಡಿದ್ದೇನೆ: ಪರೀಕ್ಷೆಯ ನಿಯಮಗಳಿಂದ ದೊರೆಯುವ ಸೌಲಭ್ಯವನ್ನು ಪರೀಕ್ಷೆಯ ಕೊಠಡಿಯಲ್ಲಿ ಬಳಸಿಕೊಳ್ಳಬಹುದು, ಅದನ್ನು ನಂಬಿ ಪಾಠವನ್ನು ಬಿಡತಕ್ಕದ್ದಲ್ಲ.

ಕಾಲದ ಲೆಕ್ಕ, ಊಹೆಯ ಲೆಕ್ಕ

ಬದಲಾದ ಕೋಲಿನ ಗೆರೆಗಳನ್ನು ಈಗ ಓದೋಣ. 200 ನಿಮಿಷಗಳಲ್ಲಿ 180 ಉತ್ತರಗಳೆಂದರೆ ಒಂದು ಉತ್ತರಕ್ಕೆ ಸುಮಾರು 67 ಸೆಕೆಂಡು. 180 ನಿಮಿಷಗಳಾದರೆ 60 ಸೆಕೆಂಡು. ವ್ಯತ್ಯಾಸ ಏಳೇ ಸೆಕೆಂಡು ಎಂದು ತೋರಬಹುದು. ಆದರೆ ಆಯ್ಕೆ ಮಾಡಬೇಕಾದರೆ ಎಲ್ಲ 200 ಪ್ರಶ್ನೆಗಳನ್ನೂ ಓದಲೇಬೇಕಾಗಿತ್ತಷ್ಟೆ. ಆ ಓದಿಗೆ ಹೋಗುತ್ತಿದ್ದ ಕಾಲವನ್ನು ಕಳೆದರೆ ನಷ್ಟ ಅಷ್ಟೂ ಇಲ್ಲ. ನಿಜವಾದ ಸಂಗತಿ ಬೇರೆ. ಜೀವವಿಜ್ಞಾನದ ಅನೇಕ ಪ್ರಶ್ನೆಗಳಿಗೆ ಅರ್ಧ ನಿಮಿಷ ಸಾಕು. ಆ 90 ಪ್ರಶ್ನೆಗಳನ್ನು 50 ನಿಮಿಷಗಳಲ್ಲಿ ಮುಗಿಸಬಲ್ಲವನಿಗೆ ಉಳಿದ 90ಕ್ಕೆ 130 ನಿಮಿಷಗಳು, ಅಂದರೆ ಪ್ರಶ್ನೆಯೊಂದಕ್ಕೆ ಸುಮಾರು 87 ಸೆಕೆಂಡು ದೊರೆಯುತ್ತದೆ. ಗಡಿಯಾರವನ್ನು ಎದುರಿಗಿಟ್ಟುಕೊಂಡು ಹಳೆಯ ಪತ್ರಿಕೆಗಳನ್ನು ಬಿಡಿಸಿ, ತನ್ನ ಸ್ವಂತ ಹಂಚಿಕೆ ಯಾವುದೆಂಬುದನ್ನು ಪ್ರತಿಯೊಬ್ಬನೂ ಅಳೆದು ನೋಡಿಕೊಳ್ಳಬೇಕು. ಎಲ್ಲರಿಗೂ ಒಪ್ಪುವ ಹಂಚಿಕೆ ಎಂಬುದಿಲ್ಲ.

ಇನ್ನು ಊಹೆಯ ವಿಚಾರ. ನಾಲ್ಕು ಉತ್ತರಗಳಲ್ಲಿ ಒಂದನ್ನು ಕಣ್ಣು ಮುಚ್ಚಿ ಗುರುತಿಸಿದರೆ ಲಾಭವುಂಟೆ? ಇಂಥ 20 ಪ್ರಶ್ನೆಗಳಲ್ಲಿ ಸರಾಸರಿ 5 ಸರಿಯಾಗಿ 20 ಅಂಕ ಬರುತ್ತದೆ, 15 ತಪ್ಪಾಗಿ 15 ಅಂಕ ಹೋಗುತ್ತದೆ. ಉಳಿತಾಯ 5 ಅಂಕ. ಕಾಗದದ ಮೇಲೆ ಇದು ಲಾಭವೇ. ಆದರೆ ಅದೃಷ್ಟ ಸ್ವಲ್ಪ ವಾಲಿ 3 ಮಾತ್ರ ಸರಿಯಾದರೆ 12ರಲ್ಲಿ 17 ಕಳೆದು 5 ಅಂಕ ನಷ್ಟ. 7 ಸರಿಯಾದರೆ 15 ಅಂಕ ಲಾಭ. ಈ ಎರಡೂ ಸರ್ವೇಸಾಧಾರಣವಾಗಿ ಆಗತಕ್ಕವೇ. ಲಾಭದ ಸರಾಸರಿಗಿಂತ ಏರಿಳಿತವೇ ದೊಡ್ಡದಾಗಿರುವ ಇಂಥ ಕಡೆ ಭೌತವಿಜ್ಞಾನಿ ಆ ಅಳತೆಯ ಮೇಲೆ ಭರವಸೆ ಇಡುವುದಿಲ್ಲ.

ತಿಳಿವಳಿಕೆಯಿಂದ ಎರಡು ಉತ್ತರಗಳನ್ನು ಹೊಡೆದುಹಾಕಬಲ್ಲವನ ಸ್ಥಿತಿ ಬೇರೆ. ಉಳಿದ ಎರಡರಲ್ಲಿ ಒಂದನ್ನು ಗುರುತಿಸಿದರೆ ಪ್ರಶ್ನೆಯೊಂದಕ್ಕೆ ಸರಾಸರಿ ಒಂದೂವರೆ ಅಂಕ ಬರುತ್ತದೆ. ಒಂದು ಉದಾಹರಣೆಯನ್ನು ನೋಡೋಣ. ಘರ್ಷಣೆಯಿಲ್ಲದ ಹಗುರವಾದ ರಾಟೆಯ ಮೇಲೆ ಹಗ್ಗವನ್ನು ಹಾಯಿಸಿ ಎರಡು ತುದಿಗಳಿಗೂ ತೂಕದ ಕಲ್ಲುಗಳನ್ನು ಕಟ್ಟಿದೆ. ಅವು ಚಲಿಸುವ ವೇಗೋತ್ಕರ್ಷವೆಷ್ಟು? ಸೂತ್ರ ನೆನಪಿಗೆ ಬರದಿದ್ದರೂ ಚಿಂತೆಯಿಲ್ಲ. ಎರಡು ಕಲ್ಲುಗಳೂ ಸಮವಾಗಿದ್ದರೆ ಅವು ಕದಲವು. ಆದ್ದರಿಂದ ಆಗ ಉತ್ತರ ಸೊನ್ನೆಯಾಗಬೇಕು. ಒಂದು ಕಲ್ಲು ಇಲ್ಲವೇ ಇಲ್ಲದಿದ್ದರೆ ಇನ್ನೊಂದು ಸ್ವತಂತ್ರವಾಗಿ ಬೀಳುತ್ತದೆ; ಆಗ ಉತ್ತರ ಗುರುತ್ವ ವೇಗೋತ್ಕರ್ಷಕ್ಕೆ ಸಮನಾಗಬೇಕು. ದ್ರವ್ಯರಾಶಿಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ಗುರುತ್ವ ವೇಗೋತ್ಕರ್ಷದಿಂದ ಗುಣಿಸಿದ್ದು ಈ ಎರಡು ಪರೀಕ್ಷೆಗಳಲ್ಲಿಯೂ ನಿಲ್ಲುತ್ತದೆ. ಜೊತೆಗಿರುವ ತಪ್ಪು ಉತ್ತರಗಳಲ್ಲಿ ಹೆಚ್ಚಿನವು ಒಂದರಲ್ಲಲ್ಲ ಒಂದರಲ್ಲಿ ಬಿದ್ದುಹೋಗುತ್ತವೆ. ಕಡೆಯ ಸಂದರ್ಭಗಳನ್ನು ಯೋಚಿಸಿ ನೋಡುವ ಈ ಅಭ್ಯಾಸ ಪ್ರಶ್ನೆಗಳು 180 ಆದರೂ 200 ಆದರೂ, ಉತ್ತರ ಬರೆಯುವುದು ಕಾಗದದ ಮೇಲಾದರೂ ಗಣಕಯಂತ್ರದ ಮೇಲಾದರೂ ಕೈಬಿಡುವುದಿಲ್ಲ.

ಪ್ರಯೋಗಶಾಲೆಯ ಬಾಗಿಲು

2024ರ ಹೊಸ ಪಠ್ಯಕ್ರಮದಲ್ಲಿ ಘನಸ್ಥಿತಿ, ಪಾಲಿಮರುಗಳು ಮೊದಲಾದ ರಸಾಯನವಿಜ್ಞಾನದ ಕೆಲವು ಅಧ್ಯಾಯಗಳು ಹೊರಟುಹೋದುವು. ಹೊರೆ ಇಳಿಯಿತೆಂದು ಬಹುಮಂದಿ ಸಂತೋಷಪಟ್ಟರು. ಆದರೆ ಸೇರಿದ್ದೇನೆಂಬುದನ್ನು ಗಮನಿಸಿದವರು ಕಡಮೆ. ಭೌತವಿಜ್ಞಾನದ ಇಪ್ಪತ್ತನೆಯ ಘಟಕವಾಗಿ ಪ್ರಯೋಗ ಕೌಶಲ ಬಂದಿತು. ವರ್ನಿಯರ್ ಕ್ಯಾಲಿಪರ್ಸ್, ಸ್ಕ್ರೂಗೇಜ್, ಸರಳ ಲೋಲಕ, ಮೀಟರ್ ಬ್ರಿಜ್, ಅನುರಣನ ನಳಿಗೆಯಿಂದ ಶಬ್ದದ ವೇಗವನ್ನು ಕಂಡುಹಿಡಿಯುವುದು, ಪಟ್ಟಕದಲ್ಲಿ ಬೆಳಕು ಬಾಗುವ ಕೋನದ ನಕ್ಷೆ ಇವೆಲ್ಲ ಅದರೊಳಗೆ ಸೇರಿವೆ.

ಇವುಗಳನ್ನು ಪುಸ್ತಕದಿಂದ ಕಲಿತವನಿಗೂ ಕೈಯಿಂದ ಕಲಿತವನಿಗೂ ಇರುವ ಅಂತರ ಸಣ್ಣ ಪ್ರಶ್ನೆಯಲ್ಲಿಯೇ ಹೊರಬೀಳುತ್ತದೆ. ಸಾಮಾನ್ಯ ವರ್ನಿಯರಿನಲ್ಲಿ 10 ಭಾಗಗಳು ಮುಖ್ಯಮಾನದ 9 ಮಿಲಿಮೀಟರುಗಳಿಗೆ ಸಮ. ಆದುದರಿಂದ ಅದು ಅಳೆಯಬಲ್ಲ ಕನಿಷ್ಠ ಉದ್ದ 0.1 ಮಿಲಿಮೀಟರ್. ಇದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಮುಖ್ಯಮಾನದ ಒಂದು ಭಾಗ ಅರ್ಧ ಮಿಲಿಮೀಟರ್ ಆಗಿದ್ದು, ವರ್ನಿಯರಿನ 50 ಭಾಗಗಳು ಅಂಥ 49 ಭಾಗಗಳಿಗೆ ಸಮವಾಗಿದ್ದರೆ? ಹಲವರು 0.1 ಎಂದೇ ಬರೆಯುತ್ತಾರೆ. ವರ್ನಿಯರಿನ ಒಂದು ಭಾಗ 0.49 ಮಿಲಿಮೀಟರ್, ಅರ್ಧ ಮಿಲಿಮೀಟರಿನಿಂದ ಅದನ್ನು ಕಳೆದರೆ 0.01 ಮಿಲಿಮೀಟರ್. ಉಪಕರಣವನ್ನು ಕೈಯಲ್ಲಿ ಹಿಡಿದು, ಗೆರೆಗೆ ಗೆರೆ ಹೊಂದುವುದನ್ನು ಒಮ್ಮೆ ಕಣ್ಣಾರೆ ಕಂಡವನು ಇಲ್ಲಿ ಎಡವಲಾರ. ಪ್ರವೇಶಪರೀಕ್ಷೆಯ ಅವಸರದಲ್ಲಿ ಪ್ರಯೋಗಶಾಲೆಗೆ ಬೀಗ ಬಿದ್ದ ಕಾಲೇಜುಗಳುಂಟು. ಈ ಬದಲಾವಣೆಯಿಂದ ಆ ಬೀಗ ತೆರೆಯುವುದಾದರೆ ಅದನ್ನು ಒಳ್ಳೆಯ ಬದಲಾವಣೆಯೆಂದೇ ಹೇಳಬೇಕು.

ಒಂದು ಶಬ್ದದ ಬೆಲೆ

2024ರ ಭೌತವಿಜ್ಞಾನದ ಒಂದು ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅದರಲ್ಲಿ ಎರಡು ಹೇಳಿಕೆಗಳಿದ್ದುವು. ಪರಮಾಣುವಿನಲ್ಲಿ ಧನ ಮತ್ತು ಋಣ ವಿದ್ಯುದಂಶಗಳು ಸಮವಾಗಿರುವುದರಿಂದ ಅದು ವಿದ್ಯುತ್ ದೃಷ್ಟಿಯಿಂದ ತಟಸ್ಥ ಎಂಬುದು ಮೊದಲನೆಯದು. ಪ್ರತಿಯೊಂದು ಮೂಲವಸ್ತುವಿನ ಪರಮಾಣುಗಳೂ ಸ್ಥಿರವಾಗಿದ್ದು ತಮ್ಮದೇ ಆದ ರೋಹಿತವನ್ನು ಹೊರಸೂಸುತ್ತವೆ ಎಂಬುದು ಎರಡನೆಯದು. ಮೊದಲನೆಯದು ಸರಿ ಎಂಬುದರಲ್ಲಿ ವಿವಾದವಿರಲಿಲ್ಲ. ಎರಡನೆಯದನ್ನು ಪಠ್ಯಪುಸ್ತಕದ ಹಳೆಯ ಆವೃತ್ತಿಯ ಮಾತು ಸಮರ್ಥಿಸುತ್ತಿತ್ತು. ಹೊಸ ಆವೃತ್ತಿಯಲ್ಲಿ ಅದು “ಹೆಚ್ಚಿನ ಮೂಲವಸ್ತುಗಳ” ಎಂದು ತಿದ್ದಲ್ಪಟ್ಟಿತ್ತು. ಮೊದಲು ಎರಡು ಉತ್ತರಗಳಿಗೂ ಅಂಕ ಕೊಟ್ಟರು. ನ್ಯಾಯಾಲಯದ ಸೂಚನೆಯಂತೆ ದೆಹಲಿಯ ಐ.ಐ.ಟಿ.ಯ ಮೂವರು ತಜ್ಞರು ಪರಿಶೀಲಿಸಿ, ಎರಡನೆಯ ಹೇಳಿಕೆ ತಪ್ಪೆಂದೂ ಸರಿಯುತ್ತರ ಒಂದೇ ಎಂದೂ ತಿಳಿಸಿದರು. ಫಲಿತಾಂಶವನ್ನು ತಿದ್ದಿದಾಗ ಮೊದಲ ಸ್ಥಾನದಲ್ಲಿದ್ದ 61 ಮಂದಿಯ ಸಂಖ್ಯೆ 17ಕ್ಕೆ ಇಳಿಯಿತು.

ವಿಜ್ಞಾನ ಇಲ್ಲಿ ಏನು ಹೇಳುತ್ತದೆ? ಯುರೇನಿಯಂ-238ರ ಪರಮಾಣುಗಳು ಸ್ಥಿರವಲ್ಲ. ಸುಮಾರು 450 ಕೋಟಿ ವರ್ಷಗಳಲ್ಲಿ ಅವುಗಳಲ್ಲಿ ಅರ್ಧದಷ್ಟು ಕ್ಷಯಿಸುತ್ತವೆ. 43ನೆಯ ಮೂಲವಸ್ತು ಟೆಕ್ನೀಷಿಯಂ, 61ನೆಯದು ಪ್ರೊಮೀಥಿಯಂ. ಇವೆರಡಕ್ಕೂ ಸ್ಥಿರವಾದ ಐಸೊಟೋಪೇ ಇಲ್ಲ. 83ನೆಯದಾದ ಬಿಸ್ಮತ್ ಸ್ಥಿರವೆಂದು ಬಹುಕಾಲ ನಂಬಿದ್ದರು. ಅದೂ ಅತಿ ನಿಧಾನವಾಗಿ ಕ್ಷಯಿಸುತ್ತದೆಂದು 2003ರಲ್ಲಿ ತಿಳಿದುಬಂದಿತು. ಆದುದರಿಂದ “ಪ್ರತಿಯೊಂದು” ಎಂಬ ಒಂದು ಶಬ್ದವೇ ಆ ಹೇಳಿಕೆಯನ್ನು ಸುಳ್ಳಾಗಿಸುತ್ತದೆ. ಹಳೆಯ ಪುಸ್ತಕವನ್ನು ನಂಬಿದ ವಿದ್ಯಾರ್ಥಿಗಳದು ಅಪರಾಧವಲ್ಲ; ಅಣ್ಣನ ಅಥವಾ ಅಕ್ಕನ ಪುಸ್ತಕವನ್ನೇ ಓದುವ ಮನೆಗಳು ನಮ್ಮಲ್ಲಿ ಎಷ್ಟೋ. ಆದರೂ ಒಂದು ಪಾಠ ಸ್ಪಷ್ಟವಾಗಿದೆ. ಪುಸ್ತಕದ ವಾಕ್ಯವನ್ನು ನೆನಪಿಟ್ಟುಕೊಂಡವನ ಉತ್ತರ ಆವೃತ್ತಿಯೊಡನೆ ಬದಲಾಗುತ್ತದೆ. ವಿಕಿರಣಶೀಲತೆಯನ್ನು ಅರಿತು ಆ ವಾಕ್ಯವನ್ನು ಪ್ರಶ್ನಿಸಿದವನ ಉತ್ತರ ಎರಡು ಆವೃತ್ತಿಗಳಲ್ಲಿಯೂ ಒಂದೇ.

ಕಷ್ಟದ ಪತ್ರಿಕೆ ಎಲ್ಲರಿಗೂ ಕಷ್ಟ

2025ರ ಭೌತವಿಜ್ಞಾನದ ಭಾಗ ಬಹಳ ಕಠಿನವಾಗಿತ್ತು. ಹುಡುಗರು ಅಳುತ್ತ ಹೊರಗೆ ಬಂದರು. ಆದರೆ ಅಂಕಗಳನ್ನು ಹೋಲಿಸಿ ನೋಡಿ. 2024ರಲ್ಲಿ ಅತ್ಯುಚ್ಚ ಅಂಕ 720 ಇದ್ದದ್ದು 2025ರಲ್ಲಿ 686ಕ್ಕೆ ಇಳಿಯಿತು. ಸಾಮಾನ್ಯ ವರ್ಗದವರು ಅರ್ಹರಾಗಲು ಬೇಕಾದ ಕನಿಷ್ಠ ಅಂಕ 162ರಿಂದ 144ಕ್ಕೆ ಇಳಿಯಿತು. ಕಾರಣವೇನೆಂದರೆ, ಅರ್ಹತೆಯನ್ನು ನಿರ್ಧರಿಸುವುದು ಇಷ್ಟೇ ಅಂಕವೆಂಬ ಗೆರೆಯಲ್ಲ. ಪರೀಕ್ಷೆಗೆ ಕುಳಿತವರಲ್ಲಿ ಅರ್ಧದಷ್ಟು ಮಂದಿಗಿಂತ ಕೆಳಗಿಲ್ಲ ಎಂಬ ಸ್ಥಾನ. ಹೊಳೆಯ ನೀರು ಇಳಿದರೆ ಅದರ ಮೇಲಿನ ದೋಣಿಗಳೆಲ್ಲ ಒಟ್ಟಿಗೆ ಇಳಿಯುತ್ತವೆ. ಅವುಗಳ ಸಾಲು ಕೆಡುವುದಿಲ್ಲ. ಕಠಿನವಾದ ಪ್ರಶ್ನೆ ಎದುರಾದಾಗ “ಇದು ನನಗೆ ಮಾತ್ರ ಕಷ್ಟ” ಎಂದು ಎದೆಗುಂದುವವನು, ಮುಂದಿನ ಹತ್ತು ಸುಲಭ ಪ್ರಶ್ನೆಗಳಲ್ಲಿ ಆ ಎದೆಗುಂದಿದ್ದರ ದಂಡವನ್ನು ತೆರುತ್ತಾನೆ.

ಹಾಗೆಂದು ಪೈಪೋಟಿ ಚಿಕ್ಕದೆಂದು ನಾನು ಹೇಳುತ್ತಿಲ್ಲ. ಆ ವರ್ಷ ಪರೀಕ್ಷೆಗೆ ಕುಳಿತವರು ಸುಮಾರು 22 ಲಕ್ಷ, ಎಂ.ಬಿ.ಬಿ.ಎಸ್. ಸ್ಥಾನಗಳು ಲಕ್ಷಕ್ಕೆ ಸ್ವಲ್ಪ ಮೇಲೆ. ಎಲ್ಲರೂ ಗೆಲ್ಲುವ ಉಪಾಯವನ್ನು ಯಾವ ಲೇಖನವೂ ಹೇಳಿಕೊಡಲಾರದು.

ಬದಲಾವಣೆಯ ಸುದ್ದಿ ಬಂದ ದಿನ

ಮುಂದೆಯೂ ಬದಲಾವಣೆಗಳು ಬರಬಹುದು. ಇಸ್ರೋ ಸಂಸ್ಥೆಯ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ನೇತೃತ್ವದಲ್ಲಿ 2024ರಲ್ಲಿ ನೇಮಕವಾದ ಸಮಿತಿ, ಇಂಥ ಪರೀಕ್ಷೆಗಳು ಗಣಕಯಂತ್ರದ ಕಡೆಗೆ ಸಾಗಬೇಕೆಂದು ಸಲಹೆ ಮಾಡಿತು. ಅಂಥ ಸುದ್ದಿ ಬಂದ ದಿನ ಏನು ಮಾಡಬೇಕು?

ಮೊದಲು, ಮೂಲ ಪ್ರಕಟಣೆಯನ್ನು ನೀವೇ ಓದಿ. ಗೆಳೆಯನ ದೂರವಾಣಿಗೆ ಬಂದ ಸಂದೇಶ ಪ್ರಕಟಣೆಯಲ್ಲ. ಕೋಚಿಂಗ್ ಕೇಂದ್ರದ ಜಾಹೀರಾತು ಅದಕ್ಕಿಂತಲೂ ಅಲ್ಲ. ಎರಡನೆಯದಾಗಿ, ಒಂದು ಹಾಳೆಯ ನಡುವೆ ಗೆರೆ ಎಳೆದು, ಬದಲಾದದ್ದನ್ನು ಒಂದು ಬದಿಯಲ್ಲಿಯೂ ಬದಲಾಗದ್ದನ್ನು ಇನ್ನೊಂದು ಬದಿಯಲ್ಲಿಯೂ ಬರೆಯಿರಿ. ಎರಡನೆಯ ಬದಿ ಎಷ್ಟು ಉದ್ದವಾಗುವುದೆಂಬುದನ್ನು ಕಂಡಾಗಲೇ ಅರ್ಧ ಭಯ ಹೋಗುತ್ತದೆ. ಮೂರನೆಯದಾಗಿ, ಬದಲಾದದ್ದಕ್ಕೆ ಬೇಕಾದ ಅಭ್ಯಾಸವನ್ನು ಆ ವಾರವೇ ಆರಂಭಿಸಿ. ಕಾಲ ಬದಲಾದರೆ ಗಡಿಯಾರದೊಡನೆ, ಪಠ್ಯಕ್ರಮ ಬದಲಾದರೆ ಹೊಸ ಮುದ್ರಣದ ಪುಸ್ತಕದೊಡನೆ, ಗಣಕಯಂತ್ರ ಬಂದರೆ ಅದರ ಮುಂದೆ ಕುಳಿತು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಮಾತು. ಕನ್ನಡದ ಪತ್ರಿಕೆಯನ್ನು ಆರಿಸಿಕೊಂಡವರಿಗೆ ಇಂಗ್ಲಿಷ್ ಪಾಠವೂ ಜೊತೆಯಲ್ಲಿರುತ್ತದೆ. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಆದುದರಿಂದ ಜವವೆಂದರೆ ಸ್ಪೀಡ್, ವೇಗವೆಂದರೆ ವೆಲಾಸಿಟಿ ಎಂಬಂತೆ ಎರಡು ಭಾಷೆಗಳ ಪದಗಳನ್ನೂ ಒಂದು ಪುಸ್ತಕದಲ್ಲಿ ಎದುರುಬದುರಾಗಿ ಬರೆದಿಟ್ಟುಕೊಳ್ಳಿ. ಕನ್ನಡದಲ್ಲಿ ಅರ್ಥಮಾಡಿಕೊಂಡದ್ದನ್ನು ಇಂಗ್ಲಿಷಿನಲ್ಲಿ ಗುರುತಿಸಲು ಇಷ್ಟು ಸಾಕು.

ಕಳೆದ ದೀಪಾವಳಿಯ ರಜೆಯಲ್ಲಿ ಆ ವಿದ್ಯಾರ್ಥಿನಿ ಕಾಲೇಜಿಗೆ ಬಂದಿದ್ದಳು. ಈ ವರ್ಷದ ಹುಡುಗರಿಗೆ ಏನಾದರೂ ಹೇಳಮ್ಮ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಕಪ್ಪುಹಲಗೆಯ ಮೇಲೆ ಬೀಸುವ ಕಲ್ಲಿನ ಚಿತ್ರ ಬರೆದು, ಗೂಟವನ್ನು ಎಲ್ಲಿ ನೆಡಬೇಕು ಎಂದು ಅವರನ್ನು ಕೇಳಿದಳು.